ಗೋಧಿ 50 ಪಟ್ಟು, ನೀರು 50 ಪಟ್ಟು ಅಲ್ಲ

ನಮಸ್ಕಾರ್ರಿ. ಮನಿಯಾಗ ಆರು ಮಂದಿಗೆ ಗೋಧಿ ಹುಗ್ಗಿ ಮಾಡೂ ಅಳತಿ ಹಿಡೀರಿ. ಕುಟ್ಟಿದ ಗೋಧಿ 200 ಗ್ರಾಂ, ಬೆಲ್ಲ 200 ಗ್ರಾಂ, ನೀರು 800 ಮಿಲಿ. ಈಗ ಊರಾಗ ಕಾರ್ಯ ಬಂತು, ಮುನ್ನೂರು ಮಂದಿ. ಮೊಬೈಲ್ ತಗದು ಎಲ್ಲಾನೂ 50ರಿಂದ ಗುಣಿಸಿದ್ರಿ. ಗೋಧಿ 10 ಕಿಲೋ, ಬೆಲ್ಲ 10 ಕಿಲೋ. ಇಲ್ಲೀತನಕ ಲೆಕ್ಕ ಖರೇನ ಐತಿ. ನೀರು 40 ಲೀಟರ್ ಅಂದ್ರೋ, ಅಲ್ಲೇ ಕೆಟ್ಟಿತು. ಹುಗ್ಗಿ ಹೋಗಿ ಗಂಜಿ ಆಗತೈತಿ.

ಯಾಕ? ಹಾಕಿದ ನೀರು ಒಂದಿಷ್ಟು ಗೋಧಿ ಕುಡೀತೈತಿ, ಒಂದಿಷ್ಟು ಉಗಿ ಆಗಿ ಹೋಗತೈತಿ. ಗೋಧಿ ಕುಡಿಯೂದು ಅದರ ತೂಕದ ಮ್ಯಾಲ. ಉಗಿ ಹೋಗೂದು ಪಾತ್ರಿ ಬಾಯಿ, ಉರಿ, ಹೊತ್ತು ಇವುಗಳ ಮ್ಯಾಲ. ಮನಿ ಬೋಗಾಣಿ ಬಾಯಿ 20 ಸೆಂಟಿಮೀಟರ್, ಕಾರ್ಯದ ಡಬರೀದು 80 ಅಂದ್ರ ಅಗಲ ನಾಕು ಪಟ್ಟು ಆತು, ಹರವು 16 ಪಟ್ಟು ಆತು. ಗೋಧಿ ಮಾತ್ರ 50 ಪಟ್ಟು! ಮನಿಯಾಗ 800 ಮಿಲಿಯೊಳಗ 250 ಮಿಲಿ ಉಗಿ ಆಗಿ ಹೋಗಿತ್ತು ಅನ್ನ್ರಿ. ಅದನ್ನ 50ರಿಂದ ಗುಣಿಸಿದ್ರ ಹನ್ನೆರಡೂವರಿ ಲೀಟರ್ ಹೋಗಬೇಕು. ಆದ್ರ ಡಬರಿಯಿಂದ ಅಷ್ಟ ಹೊತ್ತಿನ್ಯಾಗ ಹೋಗೂದು 4 ಲೀಟರ್. ಎರಡು ಪಟ್ಟು ಹೊತ್ತು ಕುದಿಸಿದ್ರೂ 8. ಉಳಿದ ನಾಕೂವರಿ ಲೀಟರ್ ಎಲ್ಲಿ ಹೋಗಬೇಕ್ರಿ? ಹುಗ್ಗಿಯಾಗ ನಿಂತಿರತೈತಿ.

ಗೋಧಿ ಕುಡಿಯೂದು ಇಪ್ಪತ್ತೇಳೂವರಿ ಲೀಟರ್, ಉಗಿ ಆಗೂದು 4. ಅದಕ್ಕ ಮೊದಲ ಸುಮಾರು 32 ಲೀಟರ್ ಹಾಕ್ರಿ. ಮಗ್ಗಲ ಒಲಿ ಮ್ಯಾಲ 10 ಲೀಟರ್ ನೀರು ಕಾಯ್ತಿರಲಿ, ಬೇಕಾದಂಗ ತಂಬಿಗಿಲೆ ಹಾಕ್ರಿ. ತಣ್ಣೀರು ಬ್ಯಾಡ, ಕುದಿ ನಿಂತು ಗೋಧಿ ಬಿರುಸ ಉಳೀತೈತಿ.

ಎರಡನೇ ತಪ್ಪು ಬೆಲ್ಲದ್ದು. ಬೆಲ್ಲ ಬಿತ್ತಂದ್ರ ಗೋಧಿ ಮುಂದ ಸರಿಯಾಗಿ ಬೇಯೂದಿಲ್ಲ. ಸಣ್ಣ ಬೋಗಾಣಿಯಾಗ ಇದು ಗೊತ್ತಾಗೂದಿಲ್ಲ, ಯಾಕಂದ್ರ ಎಲ್ಲಾ ಕಾಳೂ ಒಂದ ಹೊತ್ತಿಗೆ ಬೇಯ್ತಾವು. ಡಬರಿಯಾಗ ತಳದಾಗಿನ ಕಾಳು ಒಡದು ಅರಳಿದ್ರೂ ಮ್ಯಾಲಿನ ಕಾಳು ಇನ್ನೂ ಗಟ್ಟಿ ಇರತಾವು. ಹುಟ್ಟು ಆಡಿಸಿ ಮ್ಯಾಲಿಂದು, ನಡುವಿಂದು, ತಳದ್ದು ಮೂರೂ ಕಡೆ ಕಾಳು ತಗದು ಬೆರಳಿನ್ಯಾಗ ಒತ್ತಿ ನೋಡ್ರಿ. ನಡುವ ಬಿಳಿ ಚುಕ್ಕಿ ಉಳಿದಿದ್ರ ಬೆಲ್ಲಕ್ಕ ಇನ್ನೂ ಹೊತ್ತೈತಿ. ಮಹಾಲಿಂಗಪುರದ ಬೆಲ್ಲನ ತಂದ್ರೂ ಹೆಂಟಿ ಹೆಂಟಿ ಹಂಗ ಒಗೀಬ್ಯಾಡ್ರಿ. 2 ಲೀಟರ್ ನೀರಾಗ ಕರಗಿಸಿ, ಸೋಸಿ, ಬಿಸಿ ಇದ್ದಾಗ ಸುರೀರಿ. ಈ 2 ಲೀಟರ್ ನೀರಿನ ಲೆಕ್ಕದಾಗ ಹಿಡೀಬೇಕು, ಮರೀಬ್ಯಾಡ್ರಿ.

ಬೆಲ್ಲ ಬಿದ್ದ ಮ್ಯಾಲ ಉರಿ ಅರ್ಧ ಮಾಡ್ರಿ. ಹುಟ್ಟು ಸುತ್ತ ತಿರುವಿದ್ರ ಸಾಲೂದಿಲ್ಲ, ತಳ ಕೆರೀಬೇಕು. ಅಕಸ್ಮಾತ್ ತಳ ಹತ್ತಿತಂದ್ರ ಕೆರಿಯೂದನ್ನ ಅಲ್ಲೇ ಬಿಟ್ಟು, ಮ್ಯಾಲಿಂದ ಮ್ಯಾಲ ಬ್ಯಾರೆ ಡಬರಿಗೆ ತಗೀರಿ. ಇನ್ನ ಇಳಿಸೂ ಹದ. ಹುಗ್ಗಿ ಆರಿದಂಗ ಗಟ್ಟಿ ಆಗತೈತಿ, ಹಿಂಗಾಗಿ ನಿಮಗ ಬೇಕಾದ್ದಕ್ಕಿಂತ ತುಸು ತೆಳ್ಳಗ ಇದ್ದಾಗನ ಇಳಿಸ್ರಿ. ದೊಡ್ಡ ಡಬರಿ ಉರಿ ಆರಿದ ಮ್ಯಾಲೂ ಭಾಳ ಹೊತ್ತು ಒಳಗ ಬೇಯಿಸ್ತಾನ ಇರತೈತಿ.

ಜಾಜಿಕಾಯಿ? ಮನಿಯಾಗ ಒಂದು ಚಿಟಿಕಿ. ಒಬ್ಬರ ಚಿಟಿಕಿ ಕಾಲು ಗ್ರಾಂ, ಇನ್ನೊಬ್ಬರದು ಅರ್ಧ ಗ್ರಾಂ. ಆರು ಮಂದಿ ಹುಗ್ಗಿಯಾಗ ಆ ಫರಕು ಯಾರಿಗೂ ತಿಳಿಯೂದಿಲ್ಲ. 50 ಪಟ್ಟು ಮಾಡಿದ್ರ ಒಂದು ಹನ್ನೆರಡೂವರಿ ಗ್ರಾಂ, ಇನ್ನೊಂದು 25. ಎರಡು ಕಾಯಿ ಸಾಕಾಗೂ ಕಡೆ ನಾಕು ಬೀಳತಾವು, ಹುಗ್ಗಿ ಕಹಿ ಹೊಡೀತೈತಿ. ಅಳತಿ ಜೋಡಿ ತಪ್ಪೂ ಗುಣಾಕಾರ ಆಗತೈತಿ ನೋಡ್ರಿ. ವಾಟಗ, ಚಿಟಿಕಿ, ಮುಟಗಿ ಇವೆಲ್ಲ ಮನಿಗೆ ಛಲೋ. ಹೆಚ್ಚಿನ ಅಡಿಗಿಗೆ ಕಾಟಾ ಬೇಕು, ಮಸಾಲಿಗೆ 0.1 ಗ್ರಾಂ ತೋರಿಸೂ ಸಣ್ಣ ಕಾಟಾ ಬ್ಯಾರೆ ಬೇಕು.

ಉಪ್ಪಿನ ಮಾತು ಬಂದ್ರ ಎಲ್ಲಾರೂ "ಹೆಚ್ಚಿನ ಅಡಿಗಿಗೆ ಕಡಿಮಿ ಹಾಕ್ರಿ" ಅಂತಾರ. ನಾ ಒಪ್ಪೂದಿಲ್ಲ. ತಯಾರಾದ ಪಲ್ಯೆ ಒಂದು ಕಿಲೋಕ್ಕ ಸುಮಾರು 10 ಗ್ರಾಂ ಉಪ್ಪು ಅಂದ್ರ 50 ಕಿಲೋಕ್ಕ 500 ಗ್ರಾಂನ. ಆದ್ರ ತಯಾರಾದ ತೂಕ ಹಿಡೀಬೇಕು, ಹಸಿ ಕಾಯಿಪಲ್ಲೆ ತೂಕ ಅಲ್ಲ. ಮುಕ್ಕಾಲು ಹಾಕಿ, ರುಚಿ ನೋಡಿ, ಉಳಿದದ್ದು ಹಾಕ್ರಿ. ಲವಂಗ, ದಾಲ್ಚಿನ್ನಿಗೆ ಮಾತ್ರ ಮುಕ್ಕಾಲಕ್ಕ ನಿಂದರ್ರಿ. ಹೊತ್ತು ಹೆಚ್ಚು ಬೆಂದಂಗ ಅವು ಹೆಚ್ಚು ಘಾಟು ಬಿಡತಾವು.

ಒಗ್ಗರಣಿ ಎಣ್ಣಿ ಲೆಕ್ಕ ಪಾತ್ರಿ ತಳದ ಅಗಲದ ಮ್ಯಾಲ ಹೋಗತೈತಿ. ಉಳ್ಳಾಗಡ್ಡಿ 5 ಕಿಲೋ ಒಮ್ಮೆಲೆ ಸುರದ್ರ ನೀರು ಬಿಟ್ಟು ಕುದೀತೈತಿ, ಕೆಂಪಗ ಆಗೂದ ಇಲ್ಲ. ಕಿಲೋ ಕಿಲೋ ಹುರೀರಿ. ಎಣ್ಣಿ ಬದನಿಕಾಯಿ ಎರಡು ಪದರಕ್ಕಿಂತ ಹೆಚ್ಚು ಏರಿಸಬ್ಯಾಡ್ರಿ, ಕೆಳಗಿನ್ವು ಜಜ್ಜಿ ತುಂಬಿದ ಮಸಾಲಿ ಹೊರಗ ಬರತೈತಿ.

ಜ್ವಾಳದ ರೊಟ್ಟಿಗೆ ಈ ಲೆಕ್ಕಾನ ನಡಿಯೂದಿಲ್ಲ. ಗೋಧಿ ಹಿಟ್ಟಿನ ಹಂಗ ಜ್ವಾಳದ ಹಿಟ್ಟು ತಾನಾಗಿ ಹಿಡಕೊಳ್ಳೂದಿಲ್ಲ, ಎಸರು ಹಾಕಿದಾಗ ಬರೂ ಜಿಗಿನ ಅದಕ್ಕ ಆಸರಾ. 5 ಕಿಲೋ ಒಮ್ಮೆಲೆ ಕಲಿಸಿಟ್ರ ಕಡೀ ಹಿಟ್ಟು ಆರಿ, ಬಡಿಯೂಮುಂದ ಅಂಚು ಸೀಳತೈತಿ. ನಾಕೈದು ರೊಟ್ಟಿ ಹಿಟ್ಟು ಅಷ್ಟ ಕಲಸ್ರಿ, ಕೈ ಹೆಚ್ಚು ಮಾಡ್ರಿ.

ಇನ್ನ ಅಳತಿ ಕಡಿಮಿ ಮಾಡೂದು. ಕುಕ್ಕರಿಗೆ ಇಬ್ಬರ ಬ್ಯಾಳಿ ಆದ್ರೂ ಕಂಪನಿ ಹೇಳಿದಷ್ಟು ನೀರು ತಳಕ್ಕ ಇರಾಕಬೇಕು. ಮಿಕ್ಸರಿನ್ಯಾಗ ಎರಡು ಚಮಚ ಮಸಾಲಿ ಬ್ಲೇಡಿಗೆ ಸಿಗೂದ ಇಲ್ಲ. ಪೂರ್ತಿ ಅಳತಿ ರುಬ್ಬಿ ಫ್ರಿಜ್ಜಿನ್ಯಾಗ ಇಟ್ಟಕೊಳ್ರಿ.

ಅಮೀನಗಡ, ಗೋಕಾಕದ ಹಂಗ ಕರದಂಟು ಮನಿಯಾಗ ಕಾಲು ಕಿಲೋ ಮಾಡಾಕ ಹೋದ್ರ ಭಾಳ ಸಲ ಕಲ್ಲಾಗತೈತಿ. ದೊಡ್ಡ ಕಡಾಯಿಯಾಗ 100 ಗ್ರಾಂ ಬೆಲ್ಲದ ಪಾಕ ತೆಳ್ಳಗ ಹರಡಿ, ಹದ ಕಣ್ಣು ಮುಚ್ಚಿ ತಗಿಯೂದರಾಗ ದಾಟತೈತಿ. ಮ್ಯಾಲ ತಣ್ಣನ ಕೊಬ್ಬರಿ, ಗೋಡಂಬಿ ಬಿದ್ರ ಕಲಸೂದರಾಗ ಬಿಗೀತೈತಿ. ದಪ್ಪ ತಳದ ಸಣ್ಣ ಪಾತ್ರಿ ಹಿಡೀರಿ, ಹಾಕೂವೆಲ್ಲ ಬೆಚ್ಚಗ ಮಾಡಿಟ್ಟಕೊಳ್ರಿ. ಹತ್ತು ಕಿಲೋಕ್ಕ ಉಲ್ಟಾ, ಪಾಕ ಇಳಿಸಿದ ಮ್ಯಾಲೂ ಏರತಾನ ಇರತೈತಿ, ಹದಕ್ಕ ಒಂಚೂರು ಮೊದಲ ಇಳಿಸ್ರಿ. ಕರದಂಟಿಗೆ ಹಾಕೂ ತಿನ್ನೂ ಅಂಟು ಮಾತ್ರ ಎಷ್ಟ ಇರಲಿ, ಮುಟಗಿ ಮುಟಗಿ ಕರೀರಿ. ಒಮ್ಮೆಲೆ ಸುರದ್ರ ತುಪ್ಪದ ಕಾವು ಇಳದು ಹೊರಗ ಅರಳತೈತಿ, ಒಳಗ ಹಸಿ ಉಳದು ಹಲ್ಲಿಗೆ ಅಂಟತೈತಿ. ಆರಿದ ಮ್ಯಾಲ ಒಂದು ಕಾಳು ಒಡದು ನೋಡ್ರಿ. ಪುಡಿ ಆಗದ ನಡುವ ಗಟ್ಟಿ ಹರಳು ಸಿಕ್ಕಿತಂದ್ರ ಆ ಮುಟಗಿ ಮತ್ತ ತುಪ್ಪಕ್ಕ ಹೋಗಬೇಕು.