15 ಬಾತ್‌ನ ರೈಲಿನಲ್ಲಿ ಅಯುತ್ಥಯಕ್ಕೆ

ಬ್ಯಾಂಕಾಕ್‌ನ ಹಳೆಯ ರೈಲು ನಿಲ್ದಾಣವಾದ ಹುವಾ ಲಂಫೋಂಗ್‌ನಲ್ಲಿ ಮೂರನೇ ದರ್ಜೆಯ ಟಿಕೆಟಿಗೆ ನಾನು ಕೊಟ್ಟದ್ದು 15 ಬಾತ್. ನಮ್ಮ ಲೆಕ್ಕದಲ್ಲಿ ಐವತ್ತು ರೂಪಾಯಿಯೂ ಆಗದು. ಥಾಯ್ಲೆಂಡಿನ ಹಳೆಯ ರಾಜಧಾನಿಯಾದ ಅಯುತ್ಥಯಕ್ಕೆ ಬೇಗ ತಲುಪಿಸುವ ಏಸಿ ವ್ಯಾನುಗಳಿವೆ. ಆದರೂ ಈ ಊರನ್ನು ರೈಲು, ದೋಣಿ, ಸೈಕಲ್ ಎಂಬ ಕ್ರಮದಲ್ಲೇ ಪ್ರವೇಶಿಸಬೇಕೆಂದು ನಾನು ಹಟ ಹಿಡಿದಿದ್ದೆ. ಆ ಹಟದ ಮೊದಲ ಫಲವಾಗಿ, ಬೆಳಗಿನ ನಿದ್ದೆಗಣ್ಣಿನಲ್ಲಿ ಭಿಕ್ಷುಗಳಿಗೆಂದು ಮೀಸಲಿಟ್ಟ ಆಸನದಲ್ಲಿ ಹೋಗಿ ಕುಳಿತುಬಿಟ್ಟೆ. ಪಕ್ಕದ ಸಾಲಿನ ಅಜ್ಜಿಯೊಬ್ಬರು ಬೈಯಲಿಲ್ಲ, ನಗುತ್ತಾ ಫಲಕದತ್ತ ಬೆರಳು ತೋರಿಸಿದರು.

ಥಾಯ್ ಭಾಷೆಯಲ್ಲಿ ರೈಲಿಗೆ 'ರೋತ್ ಫೈ' ಎನ್ನುತ್ತಾರೆ. ರೋತ್ ಎಂಬುದು ನಮ್ಮ ರಥವೇ; ಫೈ ಎಂದರೆ ಬೆಂಕಿ. ನಮ್ಮ ಹಿರಿಯರು ಹೊಗೆಬಂಡಿ ಎಂದು ಕರೆದದ್ದನ್ನು ಇವರು ಬೆಂಕಿಯ ರಥ ಎಂದಿದ್ದಾರೆ, ಅಷ್ಟೇ. ಹಳಿ ಮೀಟರ್‌ಗೇಜ್ ಆದ್ದರಿಂದ, ಹಿಂದೆ ನಮ್ಮ ಕಡೆಯೂ ಇದ್ದ ಆ ಸಣ್ಣ ಬೋಗಿಗಳ ತೂಗಾಟವೇ ಇಲ್ಲಿಯೂ ಇದೆ. ತೆರೆದ ಕಿಟಕಿ, ಛಾವಣಿಯಲ್ಲಿ ತಿರುಗುವ ಫ್ಯಾನು, ಹಜಾರದಲ್ಲಿ ಸುಟ್ಟ ಕೋಳಿಯನ್ನೂ ಅಂಟನ್ನವನ್ನೂ ಮಾರುತ್ತಾ ಸಾಗುವ ಹೆಂಗಸರು. 71 ಕಿಲೋಮೀಟರ್ ಮುಗಿಯಲು ಎರಡು ಗಂಟೆ ಹಿಡಿಯಿತು.

ನಿಲ್ದಾಣದಿಂದ ಹೊರಬಂದು ನೇರವಾಗಿ ನಡೆದರೆ ಪಾ ಸಾಕ್ ನದಿ ಅಡ್ಡ ಬರುತ್ತದೆ. ಅಲ್ಲಿಯ ಸಣ್ಣ ದೋಣಿ ಕೆಲವೇ ಬಾತ್‌ಗೆ ನಮ್ಮನ್ನು ಆಚೆ ದಡಕ್ಕೆ ಮುಟ್ಟಿಸುತ್ತದೆ. ಎರಡೇ ನಿಮಿಷದ ಈ ದಾಟುವಿಕೆಗಾಗಿಯೇ ನಾನು ವ್ಯಾನು ಬಿಟ್ಟದ್ದು. ಪಾ ಸಾಕ್, ಲೋಪ್‌ಬುರಿ ಮತ್ತು ಚಾವೊ ಫ್ರಯಾ ಎಂಬ ಮೂರು ನದಿಗಳು ಸುತ್ತುವರಿದ ದ್ವೀಪದ ಮೇಲೆ, 1350ರ ಸುಮಾರಿಗೆ ಕಟ್ಟಿದ ರಾಜಧಾನಿ ಇದು. ಹೆಸರು ನಮ್ಮ ಅಯೋಧ್ಯೆಯಿಂದಲೇ ಬಂದದ್ದು. ಮುತ್ತಿಗೆ ಹಾಕಿದ ಸೈನ್ಯಗಳು ಮಳೆಗಾಲದ ನೆರೆಗೆ ಹೆದರಿ ಹಿಂದಿರುಗುತ್ತಿದ್ದವು. ಆದರೆ 1766ರಲ್ಲಿ ಬಂದ ಬರ್ಮಾದ ಸೇನೆ ನೆರೆಯಲ್ಲೂ ಕದಲದೆ ಕಾದು ಕುಳಿತು, 1767ರ ಏಪ್ರಿಲ್ 7ರಂದು ನಗರವನ್ನು ಸುಟ್ಟುಹಾಕಿತು. ಸೇತುವೆಯ ಮೇಲೆ ವ್ಯಾನಿನಲ್ಲಿ ಹಾದುಹೋದವರಿಗೆ ಈ ನೀರು ಕೋಟೆಯಾಗಿ ಕಾಣುವುದು ಕಷ್ಟ.

ಆಚೆ ದಡದಲ್ಲಿ ಬಾಡಿಗೆಗೆ ಪಡೆದ ಸೈಕಲ್ಲಿನ ಬ್ರೇಕು ಒಂದು ಕಡೆ ಮಾತ್ರ ಹಿಡಿಯುತ್ತಿತ್ತು. ಊರು ಸಮತಟ್ಟಾಗಿರುವುದರಿಂದ ಅದೇನೂ ತೊಂದರೆಯಾಗಲಿಲ್ಲ. ತೊಂದರೆ ಕೊಟ್ಟದ್ದು ಬಿಸಿಲು. ಮೊದಲು ಹೋದದ್ದು ವಾಟ್ ಮಹಾಥಾತ್‌ಗೆ. ವಾಟ್ ಎಂದರೆ ಬೌದ್ಧ ದೇಗುಲ; ಮಹಾಥಾತ್ ಎಂದರೆ ಮಹಾಧಾತು, ಬುದ್ಧನ ಅಸ್ಥಿಯನ್ನು ಇರಿಸಿದ ಸ್ಥಳ. ಕುಸಿದ ಇಟ್ಟಿಗೆ ಗೋಪುರ, ಸಾಲಾಗಿ ಕುಳಿತಿರುವ ತಲೆಯಿಲ್ಲದ ಬುದ್ಧರು, ಗೋಡೆಯ ಬದಿಯ ಅರಳಿ ಮರದ ಬೇರುಗಳ ನಡುವೆ ಕಲ್ಲಿನ ಒಂದು ಬುದ್ಧನ ಮುಖ. ಒಂದು ಬೇರು ಹಣೆಯ ಮೇಲಿಂದ ಬಾಗಿದೆ, ಇನ್ನೊಂದು ಗದ್ದದ ಕೆಳಗೆ ಸುತ್ತಿದೆ, ಕಣ್ಣು ರೆಪ್ಪೆಗಳನ್ನು ಮಾತ್ರ ಯಾವ ಬೇರೂ ಮುಚ್ಚಿಲ್ಲ. ದೇವಸ್ಥಾನದ ಗೋಪುರದಲ್ಲಿ ಅರಳಿ ಸಸಿ ಹುಟ್ಟಿದರೆ ಕೂಡಲೇ ಕಿತ್ತುಹಾಕಿ ಎಂದು ನಮ್ಮೂರಿನಲ್ಲಿ ಹೇಳುತ್ತಾರೆ, ಏಕೆಂದರೆ ಅದರ ಬೇರು ಕಲ್ಲನ್ನೇ ಸೀಳುತ್ತದೆ. ಇಲ್ಲಿ ಅದೇ ಬೇರು ಕಲ್ಲನ್ನು ಎತ್ತಿ ಹಿಡಿದು ನಿಂತಿದೆ. ಫೋಟೊ ತೆಗೆಸಿಕೊಳ್ಳುವವರು ಕುಕ್ಕರಗಾಲಿನಲ್ಲಿ ಕೂರಬೇಕು, ನಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು. ತಲೆಯಿಲ್ಲದ ವಿಗ್ರಹಗಳ ಹಿಂದೆ ನಿಂತು ತಮ್ಮ ಮುಖ ಇಟ್ಟು ಫೋಟೊ ತೆಗೆಸಿಕೊಳ್ಳುವುದೂ ನಿಷಿದ್ಧ. ಅಂಥದ್ದಕ್ಕೂ ಫಲಕ ಹಾಕಬೇಕಾಗಿ ಬಂದದ್ದು ನಮ್ಮಂಥ ಪ್ರವಾಸಿಗರ ಪ್ರತಾಪ.

ವಾಟ್ ಫ್ರಾ ಸಿ ಸನ್‌ಫೆತ್‌ಗೆ ಹೋಗುವ ದಾರಿಯಲ್ಲಿ ಆ ಹೆಸರನ್ನು ಮತ್ತೆ ಮತ್ತೆ ಉಚ್ಚರಿಸಿಕೊಂಡೆ. ಸಿ ಎಂದರೆ ಶ್ರೀ, ಸನ್‌ಫೆತ್ ಎಂದರೆ ಸರ್ವಜ್ಞ. ತ್ರಿಪದಿಗಳನ್ನು ಕೇಳಿ ಬೆಳೆದ ಕಿವಿಗೆ ಈ ಹೆಸರು ಸಿಕ್ಕಿದಾಗ ಆದ ಖುಷಿಯನ್ನು ಪಕ್ಕದಲ್ಲಿದ್ದ ಜರ್ಮನ್ ಪ್ರವಾಸಿಗೆ ವಿವರಿಸಲು ಹೋಗಿ ಸೋತೆ. ಅರಮನೆಯ ಆವರಣದ ಈ ದೇಗುಲದಲ್ಲಿ ಭಿಕ್ಷುಗಳು ವಾಸಿಸುತ್ತಿರಲಿಲ್ಲ. ಇಲ್ಲಿದ್ದ 16 ಮೀಟರ್ ಎತ್ತರದ ನಿಂತ ಬುದ್ಧನ ಮೈಯಿಂದ ಚಿನ್ನವನ್ನು 1767ರಲ್ಲಿ ಕರಗಿಸಿ ಒಯ್ದರು. ಉಳಿದಿರುವುದು ಸಾಲಾಗಿ ನಿಂತ ಮೂರು ಚೈತ್ಯಗಳು. ಊರಿನ ಇಟ್ಟಿಗೆಯೂ ಇಲ್ಲಿ ನಿಲ್ಲಲಿಲ್ಲ. ಬ್ಯಾಂಕಾಕನ್ನು ಕಟ್ಟುವಾಗ ಅದನ್ನು ದೋಣಿಗಳಲ್ಲಿ ತುಂಬಿ ಚಾವೊ ಫ್ರಯಾ ನದಿ ಹರಿಯುವ ದಿಕ್ಕಿನಲ್ಲಿ ಸಾಗಿಸಿದರು.

ಸಂಜೆ ಸೈಕಲ್ ಹಿಂದಿರುಗಿಸಿ, ಮತ್ತೆ ನದಿ ದಾಟಿ, ಟುಕ್‌ಟುಕ್ ಹತ್ತಿದೆ. ಇಲ್ಲಿಯ ಟುಕ್‌ಟುಕ್‌ನ ಮೂತಿ ಕಪ್ಪೆಯಂತೆ ಉಬ್ಬಿದೆ, ಹಿಂದೆ ಎದುರುಬದುರು ಕೂರುವ ಬೆಂಚುಗಳಿವೆ. ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಹೋದದ್ದು ವಾಟ್ ಫನನ್ ಚೊಂಗ್‌ಗೆ. ಇಲ್ಲಿಯ 19 ಮೀಟರ್ ಎತ್ತರದ ಕುಳಿತ ಬುದ್ಧನನ್ನು ಪ್ರತಿಷ್ಠಾಪಿಸಿದ್ದು 1324ರಲ್ಲಿ, ಅಂದರೆ ರಾಜಧಾನಿ ಹುಟ್ಟುವುದಕ್ಕೂ ಮೊದಲು. ಇದು ಅವಶೇಷವಲ್ಲ, ಜನರಿಂದ ತುಂಬಿದ ದೇವಸ್ಥಾನ. ಭಕ್ತರು ತಂದ ಕಾವಿ ಬಟ್ಟೆಯನ್ನು ಪರಿಚಾರಕರು ಬುದ್ಧನ ತೊಡೆಯ ಮೇಲೆ ನಿಂತು ಮೇಲಕ್ಕೆಳೆದು ಭುಜಕ್ಕೆ ಹೊದಿಸುತ್ತಾರೆ. ಅದರ ಇನ್ನೊಂದು ತುದಿ ಕೆಳಗೆ ಕೈಮುಗಿದು ಕುಳಿತವರ ತಲೆಗಳ ಮೇಲೆ ಹರಡಿಕೊಳ್ಳುತ್ತದೆ. ಆ ಬಟ್ಟೆ ನನ್ನ ತಲೆಯ ಮೇಲೂ ಬಿದ್ದಾಗ ಕ್ಯಾಮೆರಾವನ್ನು ಚೀಲದೊಳಗೆ ಹಾಕಿದ್ದೆನಾದ್ದರಿಂದ ಆ ದೃಶ್ಯದ ಫೋಟೊ ನನ್ನ ಬಳಿ ಇಲ್ಲ. ಒಳಗೆ ಊದುಬತ್ತಿಯ ವಾಸನೆಯಿತ್ತು, ಬೆಳಕು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಪಕ್ಕದ ಮಗು ಬಟ್ಟೆಯನ್ನು ಒಳಗಿನಿಂದ ಬೆರಳಿನಲ್ಲಿ ತಿವಿಯುತ್ತಿತ್ತು. ಹೊರಗೆ ಟುಕ್‌ಟುಕ್‌ನವರು ಹಾರ್ನ್ ಒತ್ತಿದರು. ರೈಲಿಗೆ ಇನ್ನು ಇಪ್ಪತ್ತೇ ನಿಮಿಷವಿತ್ತು.