ವಿಮಾನ ಹತ್ತುವ ಮುಂಚೆ ಒಂದು ಫೋನ್ ಮಾಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮನೆ ಮಾರುವ ಯೋಚನೆ ಇರುವವರು, ಕೊಳ್ಳುವವರು, ಸಾಲವನ್ನು ರೀಫೈನಾನ್ಸ್ ಮಾಡಿಸುವವರು ಸ್ವಲ್ಪ ಹೊತ್ತು ನನ್ನ ಮಾತು ಕೇಳಿ. ನಾನು ಟೆಕ್ಸಸ್‌ನಲ್ಲಿ ಆನ್‌ಲೈನ್ ನೋಟರಿ. ಮನೆಯ ಕ್ಲೋಸಿಂಗ್, ಅಂದರೆ ಮಾರಾಟವನ್ನೋ ಸಾಲವನ್ನೋ ಪೂರ್ತಿ ಮಾಡುವ ದಿನದ ಕಾಗದಗಳಿಗೆ ವಿಡಿಯೋ ಕರೆಯಲ್ಲೇ ಸಹಿ ಹಾಕಿಸಿ, ಅದಕ್ಕೆ ನೋಟರಿ ಮುದ್ರೆ ಹಾಕುವುದು ನನ್ನ ಕೆಲಸ. ಇವತ್ತು ನಾನು ಹೇಳಬೇಕಾಗಿರುವುದು ಒಂದೇ ಮಾತು. ಊರಿಗೆ ಹೊರಟಿದ್ದೀರಾ, ಅದೇ ಹೊತ್ತಿಗೆ ಮನೆಯ ಕ್ಲೋಸಿಂಗ್ ಇದೆಯಾ? ವಿಮಾನ ಹತ್ತುವ ಮುಂಚೆ ನಿಮ್ಮ ಟೈಟಲ್ ಕಂಪನಿಗೆ, ಅಂದರೆ ಆಸ್ತಿಯ ಹಕ್ಕು ಪರಿಶೀಲಿಸಿ ಕ್ಲೋಸಿಂಗ್ ನಡೆಸಿಕೊಡುವವರಿಗೆ, ಫೋನ್ ಮಾಡಿ. ಇಳಿದ ಮೇಲೆ ಅಲ್ಲ, ಹತ್ತುವ ಮುಂಚೆ.

ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಜನ ಮೈಸೂರೋ ಹುಬ್ಬಳ್ಳಿಯೋ ತಲುಪಿದ ಮೇಲೆ ಬರುತ್ತವೆ. "ಮೇಡಂ, ಈಗೆಲ್ಲಾ ಆನ್‌ಲೈನ್ ಅಲ್ವಾ, ಇಲ್ಲಿಂದಲೇ ಸಹಿ ಮಾಡಿಬಿಡ್ತೀನಿ" ಅನ್ನುತ್ತಾರೆ. ಆನ್‌ಲೈನ್ ಹೌದು. ಆದರೆ ಸುಮ್ನೆ ಒಂದು ಲಿಂಕ್ ಒತ್ತಿದರೆ ಮುಗಿಯುವ ಕೆಲಸ ಇದಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಹೀಗೆ ವಿಡಿಯೋದಲ್ಲಿ ನೋಟರಿ ಮಾಡುವುದಕ್ಕೆ ರಿಮೋಟ್ ಆನ್‌ಲೈನ್ ನೋಟರೈಸೇಶನ್ ಅನ್ನುತ್ತಾರೆ. ಇದಕ್ಕೆ ಮೊದಲು ಬಾಗಿಲು ತೆರೆದದ್ದು ವರ್ಜೀನಿಯಾ, 2012ರಲ್ಲಿ. ನಮ್ಮ ಟೆಕ್ಸಸ್‌ನಲ್ಲಿ ಇದು 2018ರ ಜುಲೈ 1ರಂದು ಜಾರಿಗೆ ಬಂತು. ಕೋವಿಡ್ ಬಂದ ಮೇಲೆ ಒಂದರ ಹಿಂದೆ ಒಂದು ರಾಜ್ಯ ಒಪ್ಪಿಕೊಂಡಿತು. ಈಗ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಾನೂನು ಇದೆ. ನೋಟರಿ ಆದವರು ಆ ಹೊತ್ತಿಗೆ ತಮ್ಮ ರಾಜ್ಯದ ಗಡಿಯೊಳಗೆ ಕೂತಿರಬೇಕು. ಸಹಿ ಹಾಕುವವರು ಎಲ್ಲಿದ್ದರೂ ಸರಿ, ಅಮೆರಿಕದ ಮನೆಯ ಕಾಗದವಾದರೆ ಭಾರತದಿಂದಲೂ ಹಾಕಬಹುದು. ಇಷ್ಟು ಕೇಳಿದ ಕೂಡಲೇ ಜನ ಟಿಕೆಟ್ ಬುಕ್ ಮಾಡಿಬಿಡುತ್ತಾರೆ. ಮುಂದಿನದನ್ನು ಕೇಳುವುದೇ ಇಲ್ಲ.

ಮುಂದಿನದು ಏನು? ಕಾನೂನು ಒಪ್ಪಿದರೆ ಸಾಲದು. ಸಾಲ ಕೊಡುವ ಬ್ಯಾಂಕು ಒಪ್ಪಬೇಕು. ಆಸ್ತಿಯ ಹಕ್ಕಿಗೆ ಟೈಟಲ್ ವಿಮೆ ಕೊಡುವವರು ಒಪ್ಪಬೇಕು. ಆಸ್ತಿ ಇರುವ ಕೌಂಟಿಯ ಕಚೇರಿ ಆ ಕಾಗದವನ್ನು ದಾಖಲಿಸಿಕೊಳ್ಳಬೇಕು. ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ದೊಡ್ಡ ಸಂಸ್ಥೆಗಳಾದ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ತಮ್ಮ ಷರತ್ತುಗಳ ಮೇಲೆ ಇದನ್ನು ಒಪ್ಪುತ್ತವೆ. ಆದರೂ ನಿಮ್ಮ ಬ್ಯಾಂಕು "ನಮಗೆ ಬೇಡ" ಅಂದರೆ ಅಲ್ಲಿಗೆ ಮುಗಿಯಿತು. ಈ ಮೂರೂ ಕಡೆ ವಿಚಾರಿಸಿ ನಿಮಗೆ ಉತ್ತರ ತಂದುಕೊಡುವವರು ಟೈಟಲ್ ಕಂಪನಿಯವರು. ಅದಕ್ಕೇ ಮೊದಲು ಅವರಿಗೆ ಫೋನ್ ಮಾಡಿ ಅನ್ನುವುದು.

ಇನ್ನು ನೀವು ನೀವೇ ಅಂತ ತೋರಿಸಿಕೊಡುವುದು. ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹಾಗೆ, ಇಲ್ಲೂ ಒಂದು ಪರೀಕ್ಷೆ ಇದೆ. ಅದಕ್ಕೆ ಎರಡು ಹಂತ. ಮೊದಲ ಹಂತದಲ್ಲಿ ನಿಮ್ಮ ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿಯ ಎರಡೂ ಬದಿ ಫೋಟೋ ತೆಗೆದು ಕಳಿಸಬೇಕು. ಅದು ಅಸಲಿಯೋ ಅಲ್ಲವೋ ಅಂತ ಕಂಪ್ಯೂಟರ್ ನೋಡುತ್ತದೆ. ಎರಡನೇ ಹಂತದಲ್ಲಿ ಪ್ರಶ್ನೆಗಳು ಬರುತ್ತವೆ. ಸಾಮಾನ್ಯವಾಗಿ ಐದು ಪ್ರಶ್ನೆ, ಎರಡು ನಿಮಿಷ, ನಾಲ್ಕಾದರೂ ಸರಿಯಾಗಿರಬೇಕು. ಇವು ನಿಮ್ಮ ಅಮೆರಿಕದ ಸಾಲದ ಚರಿತ್ರೆ, ಹಳೆ ವಿಳಾಸ, ಕಾರಿನ ನೋಂದಣಿ ಇಂಥ ದಾಖಲೆಗಳಿಂದ ಬರುವ ಪ್ರಶ್ನೆಗಳು.

ಇಲ್ಲಿ ನಿಮಗೆ ಒಬ್ಬರ ಕಥೆ ಹೇಳಲೇಬೇಕು. ಡಲ್ಲಾಸ್ ಹತ್ತಿರದ ದಂಪತಿ, ವಾಸವಿದ್ದ ಮನೆ ಮಾರುತ್ತಿದ್ದರು. ಕೊಳ್ಳುವವರು ಸಿಕ್ಕಿದ್ದರು, ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಗಂಡನ ತಂದೆಗೆ ಹುಷಾರಿಲ್ಲ ಅಂತ ಶಿವಮೊಗ್ಗದಿಂದ ಫೋನ್ ಬಂತು. ಅವರು ಹೊರಟುಬಿಟ್ಟರು. ಹೆಂಡತಿ ಇಲ್ಲೇ ಇದ್ದರು. "ನನ್ನ ಸಹಿ ಒಂದೇ ಸಾಲದಾ?" ಅಂತ ಆಕೆ ಕೇಳಿದರು. ಟೆಕ್ಸಸ್‌ನಲ್ಲಿ ಸಾಲದು. ವಾಸದ ಮನೆ ಮಾರುವಾಗ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಬೇಕು.

ಸರಿ, ಆನ್‌ಲೈನ್‌ನಲ್ಲಿ ಮಾಡೋಣ ಅಂತಾಯಿತು. ಗುರುತಿನ ಚೀಟಿ ತೋರಿಸಿ ಅಂದರೆ ಗಂಡ ಟೆಕ್ಸಸ್ ಡ್ರೈವಿಂಗ್ ಲೈಸೆನ್ಸ್ ತೋರಿಸಿದರು. ಅದರ ಗಡುವು ಮುಗಿದಿತ್ತು. ಎಚ್1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರಿಗೆ ಇದು ಗೊತ್ತೇ ಇರುತ್ತದೆ, ನಮ್ಮಲ್ಲಿ ಲೈಸೆನ್ಸ್ ಗಡುವು ಇಲ್ಲಿ ಇರಲು ಅನುಮತಿ ಇರುವ ದಿನಕ್ಕೇ ಮುಗಿಯುತ್ತದೆ. ಹಾಗಾದರೆ ಪಾಸ್‌ಪೋರ್ಟ್ ತೋರಿಸಿ ಅಂದೆ. ಪಾಸ್‌ಪೋರ್ಟ್ ಕೈಯಲ್ಲಿ ಇಲ್ಲ! ಊರಿಗೆ ಬಂದಿದ್ದೇನಲ್ಲ, ಹೇಗೂ ಇರಲಿ ಅಂತ ವೀಸಾ ಸ್ಟ್ಯಾಂಪಿಂಗ್‌ಗೆ ಕೊಟ್ಟಿದ್ದರು. ಅದು ಚೆನ್ನೈನ ಅಮೆರಿಕ ಕಾನ್ಸುಲೇಟ್‌ನಲ್ಲಿ ಕೂತಿತ್ತು. ಆಧಾರ್ ಕಾರ್ಡ್ ಇದೆ, ನಡೆಯುತ್ತಾ ಅಂದರು. ನಾವು ಬಳಸುವ ವ್ಯವಸ್ಥೆಯಲ್ಲಿ ಅದು ನಡೆಯುವುದಿಲ್ಲ.

ಕ್ಲೋಸಿಂಗ್ ಮುಂದಕ್ಕೆ ಹೋಯಿತು. ಅತ್ತ ಕೊಳ್ಳುವವರಿಗೆ ಬ್ಯಾಂಕು ಇಂಥ ದಿನದವರೆಗೆ ಅಂತ ಹಿಡಿದಿಟ್ಟಿದ್ದ ಬಡ್ಡಿ ದರದ ಗಡುವು ಮುಗಿಯುತ್ತಾ ಬಂತು. ಅದನ್ನು ಮುಂದಕ್ಕೆ ಹಾಕಿಸಿದ ಖರ್ಚು ಇವರ ತಲೆಗೇ ಬಂತು. ಕೊನೆಗೆ ಪಾಸ್‌ಪೋರ್ಟ್ ವಾಪಸ್ ಬಂತು. ನಮಗೆ ಬೆಳಗ್ಗೆ ಒಂಬತ್ತು, ಅವರಿಗೆ ಸಂಜೆ ಏಳೂವರೆ. ಪಾಸ್‌ಪೋರ್ಟ್ ಪಾಸಾಯಿತು. ಪ್ರಶ್ನೆ ಶುರುವಾಯಿತು. "ಈ ರಸ್ತೆಗಳಲ್ಲಿ ನೀವು ಯಾವುದರಲ್ಲಿ ವಾಸವಿದ್ದಿರಿ?" ಅವರು ಓದುವಾಗ ಒಹಾಯೊದಲ್ಲಿ ನಾಲ್ಕು ಜನ ಸೇರಿ ಇದ್ದ ಬಾಡಿಗೆ ಮನೆ ಅದು. ರಸ್ತೆ ಹೆಸರು ಮರೆತೇಹೋಗಿತ್ತು. ಇನ್ನೊಂದು ಪ್ರಶ್ನೆಗೆ "ಮೇಲಿನ ಯಾವುದೂ ಅಲ್ಲ" ಅನ್ನುವುದೇ ಸರಿ ಉತ್ತರ. ಅದು ಹೇಗೆ ಸಾಧ್ಯ ಅಂತ ಯೋಚಿಸುತ್ತಾ ಕೂತರು. ಅಷ್ಟರಲ್ಲಿ ಅವರ ತಾಯಿ ಕಾಫಿ ಲೋಟ ಹಿಡಿದು ಬಂದರು. ಎರಡು ನಿಮಿಷ ಮುಗಿದೇಹೋಯಿತು. ಫೇಲ್. ಇನ್ನೊಂದು ಅವಕಾಶ ಇತ್ತು, ಪ್ರಶ್ನೆಗಳು ಬದಲಾದವು, ಪಾಸಾದರು. ಅದಾದ ಮೇಲೇ ನನ್ನ ಪರದೆಯ ಮೇಲೆ ಅವರ ಮುಖ ಕಂಡದ್ದು. ಬೆವರಿಬಿಟ್ಟಿದ್ದರು ಪಾಪ. ಸಹಿಗಳು ಮುಗಿಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಹೊರಡುವ ಮುಂಚೆ ಅವರು ಒಂದು ಫೋನ್ ಮಾಡಿದ್ದರೆ ಏನಾಗುತ್ತಿತ್ತು? "ಪಾಸ್‌ಪೋರ್ಟನ್ನು ಕ್ಲೋಸಿಂಗ್ ಆಗುವವರೆಗೆ ಯಾರ ಕೈಗೂ ಕೊಡಬೇಡಿ" ಅಂತ ಹೇಳುತ್ತಿದ್ದೆ. ಇಲ್ಲವೇ ಹೋಗುವ ಮೊದಲೇ, ಆ ಒಂದು ಮಾರಾಟಕ್ಕೆ ಮಾತ್ರ ಹೆಂಡತಿಗೆ ಪವರ್ ಆಫ್ ಅಟಾರ್ನಿ ಬರೆಸಿಡುತ್ತಿದ್ದೆವು. ಅಷ್ಟೇ. ಪರೀಕ್ಷೆಗೆ ಕೂರುವ ಮುಂಚೆ ನಿಮ್ಮ ಸಾಲದ ಚರಿತ್ರೆ ಇರುವ ಕ್ರೆಡಿಟ್ ರಿಪೋರ್ಟ್ ಒಮ್ಮೆ ತೆರೆದು ಹಳೆ ವಿಳಾಸಗಳನ್ನು ಓದಿಕೊಳ್ಳಿ. ಬಾಗಿಲು ಹಾಕಿಕೊಳ್ಳಿ. ಪಕ್ಕದಲ್ಲಿ ಯಾರೂ ಉತ್ತರ ಹೇಳಿಕೊಡುವ ಹಾಗಿಲ್ಲ. ಕರೆಂಟ್ ಹೋದರೂ ನಡೆಯುವ ಇಂಟರ್ನೆಟ್ ಇರುವ ಕಡೆ ಕೂರಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನೋಟರಿ ಜೊತೆಗಿನ ಇಡೀ ಮಾತುಕತೆ ರೆಕಾರ್ಡ್ ಆಗುತ್ತದೆ. ಅದನ್ನು ವರ್ಷಗಟ್ಟಲೆ ಇಡಬೇಕು, ಫ್ಲೋರಿಡಾದಲ್ಲಿ ಹತ್ತು ವರ್ಷ. ಇದಕ್ಕೆ ಹೆದರಬೇಡಿ, ನಾಳೆ ಯಾರಾದರೂ "ಈ ಸಹಿ ನಂದಲ್ಲ" ಅಂದರೆ ನಿಮ್ಮನ್ನು ಕಾಯುವುದು ಅದೇ. ಸಹಿ ಆದ ಮೇಲೆ ಕಾಗದದಲ್ಲಿ ಒಂದು ಅಕ್ಷರ ಬದಲಾಯಿಸಿದರೂ ಗೊತ್ತಾಗುವ ಹಾಗೆ ಡಿಜಿಟಲ್ ಮುದ್ರೆ ಇರುತ್ತದೆ.

ಟೆಕ್ಸಸ್‌ನವರಿಗೆ ಇನ್ನೊಂದು. ವಾಸದ ಮನೆಯ ಮೇಲೆ ಹೋಮ್ ಇಕ್ವಿಟಿ ಸಾಲ, ಅಂದರೆ ಮನೆಯಲ್ಲಿ ನಿಮ್ಮ ಪಾಲಿನ ಬೆಲೆಯನ್ನು ಅಡವಿಟ್ಟು ಸಾಲ, ತೆಗೆಯುವುದಾದರೆ ಅಡುಗೆಮನೆಯಲ್ಲಿ ಕೂತು ಸಹಿ ಹಾಕುವ ಹಾಗಿಲ್ಲ. ಬ್ಯಾಂಕು, ವಕೀಲರು ಅಥವಾ ಟೈಟಲ್ ಕಂಪನಿಯ ಕಚೇರಿಯಲ್ಲೇ ಆಗಬೇಕು ಅಂತ ರಾಜ್ಯದ ಸಂವಿಧಾನದಲ್ಲೇ ಬರೆದಿದೆ.

ಮನೆಯ ಪತ್ರದಲ್ಲಿ ಊರಲ್ಲಿರುವ ಅಪ್ಪ ಅಮ್ಮನ ಹೆಸರೂ ಇದೆಯಾ? ಅವರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲ, ಇಲ್ಲಿ ಸಾಲದ ಚರಿತ್ರೆ ಇಲ್ಲ. ಅವರಿಗೆ ಕೇಳಲು ಪ್ರಶ್ನೆಗಳೇ ಹುಟ್ಟುವುದಿಲ್ಲ. ಅಂಥವರು ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಚೆನ್ನೈನ ಅಮೆರಿಕ ಕಾನ್ಸುಲೇಟ್‌ನಲ್ಲಿ ನೋಟರಿ ಮಾಡಿಸಬಹುದು, ಒಂದು ಮುದ್ರೆಗೆ 50 ಡಾಲರ್. ಅಥವಾ ಊರಿನ ನೋಟರಿ ಹತ್ತಿರ ಮಾಡಿಸಿ, ಅದಕ್ಕೆ ಅಪೋಸ್ಟಿಲ್, ಅಂದರೆ ಬೇರೆ ದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ, ಹಾಕಿಸಿ ಕಳಿಸಬಹುದು. ಯಾವುದು ನಡೆಯುತ್ತದೆ ಅಂತ ಹೇಳುವವರು, ಮತ್ತೆ, ಟೈಟಲ್ ಕಂಪನಿಯವರೇ. ಹಿರಿಯರನ್ನು ಸುಮ್ನೆ ಚೆನ್ನೈವರೆಗೆ ಅಲೆಸಬೇಡಿ, ಮೊದಲು ಕೇಳಿ.

ಕೊನೆಯದಾಗಿ, ತುಂಬ ಜನ ಕೇಳುವ ಪ್ರಶ್ನೆ. ಬೆಂಗಳೂರಿನ ಸೈಟು ಮಾರಲು ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಡಬೇಕು, ಅದನ್ನೂ ವಿಡಿಯೋದಲ್ಲಿ ಮಾಡಿಕೊಡ್ತೀರಾ ಅಂತ. ಇಲ್ಲ. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ ತಮ್ಮನಿಗೆ ಕೊಡುವಂಥ ಪವರ್ ಆಫ್ ಅಟಾರ್ನಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಒಪ್ಪುವುದಿಲ್ಲ. ಅದಕ್ಕೆ ಕಾಗದ, ಪೆನ್ನಿನ ಸಹಿ, ಭಾರತೀಯ ಕಾನ್ಸುಲೇಟ್‌ನ ದಾರಿ ಹಿಡಿಯಿರಿ. ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ತಮ್ಮನ ಕೈಯಲ್ಲಿ ಸ್ಟ್ಯಾಂಪ್ ಶುಲ್ಕ ಕಟ್ಟಿಸಿ.

ನಮಸ್ಕಾರ.