ಪಾತ್ರೆಯ ತಳ ನೋಡಿ ಕೊಳ್ಳಿ

ಎಲ್ಲರಿಗೂ ನಮಸ್ಕಾರ.

ಮದುವೆಗೆ, ಮನೆ ಒಕ್ಕಲಿಗೆ ಉಡುಗೊರೆಯಾಗಿ ಬಂದ ಪಾತ್ರೆ ಸೆಟ್ಟು ಸೀದಾ ಅಟ್ಟ ಸೇರುವುದು ನಿಮಗೆಲ್ಲ ಗೊತ್ತಿರುವುದೇ. ದಿನಾ ಒಲೆ ಹತ್ತುವುದು ನಾಲ್ಕೈದೇ ಪಾತ್ರೆ. ಸೆಟ್ಟು ಬಿಟ್ಟು, ಆ ನಾಲ್ಕೈದಕ್ಕೆ ದುಡ್ಡು ಹಾಕಿ ಎಂಬುದಷ್ಟೇ ನಮ್ಮ ವಾದ.

ನಮ್ಮ ಉತ್ತರ ಕನ್ನಡ ಜಿಲ್ಲೆಯದು ಹುಳಿ ಕೈಬಿಡದ ಅಡುಗೆ. ಶಿರಸಿ ಕಡೆ ಅಪ್ಪೆಹುಳಿ, ಘಟ್ಟದ ಕೆಳಗೆ ಮುರುಗಲು ಸಾರು, ಕಾರವಾರದಲ್ಲಿ ಹುಣಸೆ ಬಿದ್ದ ಮೀನುಸಾರು. ಹಾಗಾಗಿ ಹುಳಿ ತಡೆಯುತ್ತದೆಯೋ ಇಲ್ಲವೋ ಅಂತ ಮೊದಲು ಕೇಳಬೇಕು. ಬರಿ ಅಲ್ಯೂಮಿನಿಯಂ ತಡೆಯುವುದಿಲ್ಲ, ಲೋಹ ಸಾರಿಗೆ ಇಳಿಯುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಕುದಿಸಿದರೆ ಸಾರು ಕಪ್ಪಾಗುತ್ತದೆ, ಪಳಗಿದ ಎಣ್ಣೆ ಪದರವೂ ಎದ್ದುಹೋಗುತ್ತದೆ. ಕಲಾಯಿ ಹೋದ ಹಿತ್ತಾಳೆ, ತಾಮ್ರಕ್ಕೆ ಹುಳಿ ಹಾಕಲೇಬೇಡಿ. ಹೊಟ್ಟೆ ತೊಳಸಿ ವಾಂತಿಯಾದೀತು. ಉಳಿಯುವುದು ಸ್ಟೀಲು, ಮಣ್ಣಿನ ಮಡಕೆ. ಮಡಕೆ ಮೀನುಸಾರಿಗೆ ಒಳ್ಳೆಯದೇ, ಆದರೆ ಬಿಸಿ ಮಡಕೆಗೆ ತಣ್ಣೀರು ಬಿತ್ತೋ, ಸೀಳಿತು.

ಇನ್ನು ಸ್ಟೀಲು. 304 ದರ್ಜೆಯ ಸ್ಟೀಲು ಅಂದರೆ ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ತುಕ್ಕಿಗೂ ಹುಳಿಗೂ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಅದರ ದೋಷ ಬೇರೆ: ಬಿಸಿಯನ್ನು ಹರಡುವುದಿಲ್ಲ. ತೆಳು ಸ್ಟೀಲ್ ಪಾತ್ರೆಯಲ್ಲಿ ಪಾಯಸ ಹಿಡಿದದ್ದನ್ನು ಗಮನಿಸಿ, ಕರಿ ಕಲೆ ಬರ್ನರಿನ ಉರಿಯ ಆಕಾರಕ್ಕೇ ಬಳೆಯಂತೆ ಮೂಡಿರುತ್ತದೆ. ಇದಕ್ಕೆ ಪರಿಹಾರ ಟ್ರೈಪ್ಲೈ: ಎರಡು ಸ್ಟೀಲಿನ ನಡುವೆ ಅಲ್ಯೂಮಿನಿಯಂ, ಅದೂ ಅಂಚಿನವರೆಗೆ. ಒಟ್ಟು ದಪ್ಪ 2.5 ಮಿ.ಮೀ. ಇದ್ದರೆ ಸಾಕು. ತಳಕ್ಕೆ ಮಾತ್ರ ದಪ್ಪ ಬಿಲ್ಲೆ ಅಂಟಿಸಿದ್ದು ಅಗ್ಗ. ಉರಿ ಬಿಲ್ಲೆ ದಾಟಿ ಹೊರಗೆ ಬಂದರೆ ಅಂಚಲ್ಲೇ ಹತ್ತುತ್ತದೆ. ಅದನ್ನು ತಂದರೆ ಸಣ್ಣ ಉರಿಯಲ್ಲಿ ಬಳಸಿ.

ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ, ಒಂದು ಸ್ಟೀಲ್ ಅಳತೆಪಟ್ಟಿ ಜೇಬಿನಲ್ಲಿರಲಿ. ಅಯಸ್ಕಾಂತ ತಳಕ್ಕೆ ಗಟ್ಟಿಯಾಗಿ ಕಚ್ಚಿದರೆ ಇಂಡಕ್ಷನ್ನಿಗೆ ಆಗುತ್ತದೆ. ತಾಮ್ರದ ತಳದ್ದು ಸಾಮಾನ್ಯವಾಗಿ ಆಗುವುದಿಲ್ಲ. ಪಾತ್ರೆ ಮಗುಚಿ ತಳದ ಮೇಲೆ ಪಟ್ಟಿ ನಿಲ್ಲಿಸಿ. ಪಟ್ಟಿ ತೂಗಾಡಿದರೆ ತಳ ಉಬ್ಬಿದೆ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಹಿಡಿ ರಿವೆಟ್ ಹೊಡೆದದ್ದಿರಲಿ. ಮಳೆಗಾಲದಲ್ಲಿ ಕರೆಂಟು ಹೋದ ದಿನ ಗ್ಯಾಸಿಗೋ ಗೋಬರ್ ಗ್ಯಾಸಿಗೋ ಅದೇ ಪಾತ್ರೆ ಇಡಬೇಕಲ್ಲ, ಎಲ್ಲ ಒಲೆಗೂ ಒಗ್ಗುವುದನ್ನೇ ತನ್ನಿ.

ನಾಲ್ಕು ಜನರ ಮನೆಗೆ ಅಳತೆ ಹೇಳುತ್ತೇವೆ. ಸಾರು, ಹುಳಿ, ಪಲ್ಯಕ್ಕೆ ಮುಚ್ಚಳವಿರುವ 3 ಲೀಟರಿನ ಅಗಲ ಟ್ರೈಪ್ಲೈ ಪಾತ್ರೆ. ಹಾಲು, ಚಾಕ್ಕೆ ಹಿಡಿಯಿರುವ ಒಂದೂವರೆ ಲೀಟರಿನದು. ಒಗ್ಗರಣೆಗೆ, ಕರಿಯಲಿಕ್ಕೆ 24 ಸೆಂ.ಮೀ. ಬಾಣಲೆ. ದೋಸೆ, ತೆಳ್ಳೇವಿಗೆ 28 ಸೆಂ.ಮೀ. ಕಬ್ಬಿಣದ ಕಾವಲಿ. 5 ಲೀಟರಿನ ಕುಕ್ಕರು. ಕುಚ್ಚಲಕ್ಕಿಯನ್ನು ಗಂಜಿ ಬಸಿದು ಉಣ್ಣುವ ಮನೆಗೆ ಮಾತ್ರ 6 ಲೀಟರಿನ ಎತ್ತರದ ಪಾತ್ರೆ ಹೆಚ್ಚುವರಿ ಬೇಕು, ನೊರೆ ಉಕ್ಕಲು ಜಾಗ ಇರಬೇಕು.

ಕಾವಲಿ ಪಳಗಿಸುವುದರಲ್ಲಿ ಹೆಚ್ಚಿನವರು ಎಡವುವುದು ಎಣ್ಣೆಯಲ್ಲಿ. ತೊಳೆದು, ಒಲೆ ಮೇಲೆ ಪೂರ್ತಿ ಒಣಗಿಸಿ, ಅರ್ಧ ಚಮಚ ಎಣ್ಣೆ ಸವರಿ, ಆಮೇಲೆ ಒಣಬಟ್ಟೆಯಿಂದ ಎಣ್ಣೆ ಇಲ್ಲವೇ ಇಲ್ಲ ಅನ್ನುವಷ್ಟು ಒರೆಸಿ. ಹೊಗೆ ಬರುವವರೆಗೆ ಕಾಯಿಸಿ, ಆರಿಸಿ. ಹೀಗೆ ಮೂರ್ನಾಲ್ಕು ಸಲ. ಎಣ್ಣೆ ದಪ್ಪವಾದರೆ ಗಟ್ಟಿಯಾಗದೆ ಅಂಟಂಟಾಗುತ್ತದೆ, ದೋಸೆ ಏಳುವುದೇ ಇಲ್ಲ. ಕರಾವಳಿಯ ಜಿಟಿಜಿಟಿ ಮಳೆಯಲ್ಲಿ ಬಟ್ಟೆಯಲ್ಲಿ ಒರೆಸಿಟ್ಟರೆ ಸಾಲದು, ಬೆಳಗಾಗುವುದರೊಳಗೆ ತುಕ್ಕು. ತೊಳೆದ ಮೇಲೆ ಎರಡು ನಿಮಿಷ ಉರಿಯ ಮೇಲಿಟ್ಟು, ಒಂದು ಹನಿ ಎಣ್ಣೆ ಸವರಿ, ಗೋಡೆಗೆ ತೂಗುಹಾಕಿ.

ಸ್ಟೀಲ್ ಪಾತ್ರೆಯಲ್ಲಿ ತಣ್ಣೀರಿಗೇ ಕಲ್ಲುಪ್ಪು ಹಾಕಬೇಡಿ. ಹರಳು ತಳದಲ್ಲಿ ಕೂತು, ಸಾಸಿವೆಯಷ್ಟು ಸಣ್ಣ ಗುಂಡಿ ಕೊರೆಯುತ್ತದೆ; ಎಷ್ಟು ಉಜ್ಜಿದರೂ ಹೋಗದು. ನೀರು ಕುದಿ ಬಂದ ಮೇಲೆ ಹಾಕಿ ಕದಡಿ.

ನಾನ್‌ಸ್ಟಿಕ್ ಬೇಕೇ ಬೇಕು ಅನ್ನುವವರು ಚಿಕ್ಕದೊಂದು ತನ್ನಿ, ದುಬಾರಿಯದು ಬೇಡ. ಖಾಲಿ ಪಾತ್ರೆ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಕ್ಕೆ 260 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಲೇಪ ಕೆಡಲು ಶುರುವಾಗುತ್ತದೆ. ಲೇಪ ಏಳತೊಡಗಿತೋ, ಗುಜರಿಗೆ ಹಾಕಿ.

ಕುಕ್ಕರಿನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬೇಡಿ. ಅಕ್ಕಿ, ಬೇಳೆಯಾದರೆ ಅರ್ಧಕ್ಕೇ ನಿಲ್ಲಿಸಿ, ನೊರೆ ನಳಿಗೆಗೆ ಸಿಕ್ಕಿಕೊಳ್ಳುತ್ತದೆ. ಕೊಳ್ಳುವ ಮುಂಚೆ ಆ ಮಾದರಿಯ ಗ್ಯಾಸ್ಕೆಟ್, ವಾಲ್ವು ನಿಮ್ಮ ಪೇಟೆಯಲ್ಲೇ ಸಿಗುತ್ತದೆಯೇ ವಿಚಾರಿಸಿ.